ಇಲಿಮನೆಯ ತಂಪು

ಇಂಡೊನೇಷ್ಯಾದ ಸುರಬಾಯ ಊರಿನ ಸೆಕೆಯಲ್ಲಿ, ನಮ್ಮ ಸಂಶೋಧನಾ ಕೇಂದ್ರದ ಗೂಡು ತೊಳೆಯುವ ಕೋಣೆಗೆ ಒಂದು ಕಿಟಕಿಯೂ ಇರಲಿಲ್ಲ. ಇಲಿಗಳ ಪ್ಲಾಸ್ಟಿಕ್ ಗೂಡುಗಳಿಂದ ಹೊಟ್ಟು ಕೆರೆದು, ಕುದಿನೀರಲ್ಲಿ ಉಜ್ಜಿ, ಹಬೆಪೆಟ್ಟಿಗೆಗೆ ತುಂಬುವುದು ನಮ್ಮ ಕೆಲಸ. ಪೆಟ್ಟಿಗೆ ತೆರೆದರೆ ಹಬೆ ಮುಖಕ್ಕೇ ಹೊಡೆಯುತ್ತಿತ್ತು. ಗೋಡೆಯಾಚೆ ಇಲಿಗಳು ಮಾತ್ರ ಎಸಿಯಲ್ಲಿ ಬಾಲ ಚಾಚಿ ಮಲಗಿರುತ್ತಿದ್ದವು.

"ದೇವ್ರು ನಮ್ಗೆ ಬಾಲ ಕೊಡೋದು ಮರ್ತುಬಿಟ್ಟ ಕಣೇ ಸುಲಾಮಿ. ಇಲ್ದಿದ್ರೆ ನಾವೂ ಆ ಕಡೆ ಇರ್ತಿದ್ವಿ," ಎಂದು ವಾರ್ಸಿನಿ ನನಗೆ ಹೇಳುತ್ತಿದ್ದಳು.

ಇಲಿಗಳು ಡಾಕ್ಟರ್ ರೆತ್ನೊ ಅವರವು. ರಸಾಯನಶಾಸ್ತ್ರದವರು. ರುಥೇನಿಯಂ ಎಂಬ ಲೋಹಕ್ಕೆ ಏನೇನೋ ಕೂಡಿಸಿ ಕಿತ್ತಳೆ ಬಣ್ಣದ ಪುಡಿ ಮಾಡಿ, ಕ್ಯಾನ್ಸರ್ ಗಡ್ಡೆಯಿರುವ ಇಲಿಗಳಿಗೆ ಸೂಜಿಯಲ್ಲಿ ಕೊಡುತ್ತಿದ್ದರು. ಒಮ್ಮೆ ಖುಷಿಯಲ್ಲಿ ನಮ್ಮನ್ನೂ ಕರೆದು, ಕರಗುತ್ತಿದ್ದ ಗಡ್ಡೆಯೊಂದನ್ನು ತೋರಿಸಿದ್ದರು. ವಾರ್ಸಿನಿ ಮುಖ ಮುಚ್ಚಿಕೊಂಡು ಅತ್ತಿದ್ದಳು. ಅವಳ ತಂಗಿ ಎದೆಯ ಗಡ್ಡೆಯಿಂದ ಸತ್ತವಳು. ಅಂದಿನಿಂದ ಅವಳು ಗೂಡಿನ ಒಂದು ಮೂಲೆಯನ್ನೂ ಬಿಡದೆ ಉಜ್ಜುತ್ತಿದ್ದಳು.

ಅವಳೇ ಒಂದು ಮಧ್ಯಾಹ್ನ ಹಬೆಪೆಟ್ಟಿಗೆಯ ಮುಂದೆ ಕುಸಿದು ಬಿದ್ದಳು. ನಾನೂ ನಮ್ಮ ಜೊತೆಯ ತುಮಿನಾಳೂ ಅವಳನ್ನು ಎಳೆದು ವರಾಂಡಕ್ಕೆ ತಂದೆವು. ಗುತ್ತಿಗೆ ಕಂಪನಿಯ ಮೇಸ್ತ್ರಿ ಗುನಾದಿ ಹಲ್ಲಿಗೆ ಕಡ್ಡಿ ಹಾಕಿಕೊಳ್ಳುತ್ತಾ ಬಂದ.

"ಒಂದು ಫ್ಯಾನ್ ಹಾಕ್ಸಿ ಪಾಕ್," ಎಂದೆ. ಗಂಡಸರಿಗೆ 'ಪಾಕ್', ಹೆಂಗಸರಿಗೆ 'ಬು' ಎನ್ನುವುದು ನಮ್ಮೂರ ಮರ್ಯಾದೆ.

"ಗುತ್ತಿಗೇಲಿ ಫ್ಯಾನ್ ಇಲ್ಲ."

"ಇಲಿಗೆ ಎಸಿ ಇದೆಯಲ್ಲ?"

"ಇಲಿಗೆ ಸೆಕೆಯಾದ್ರೆ ಸಂಶೋಧನೆ ಕೆಡುತ್ತೆ. ನಿಮ್ಗಾದ್ರೆ ಏನು ಕೆಡುತ್ತೆ?"

ವಾರ್ಸಿನಿ ಒಂದು ಕಣ್ಣು ಬಿಟ್ಟಳು. "ನಿಮ್ಮ ನಿದ್ದೆ ಕೆಡುತ್ತೆ, ನೋಡ್ತಿರಿ."

ಮರುದಿನ ನಾವು ಮೂವರೂ ನಿಯಮದಂತೆ ಕೈಕಾಲು ತೊಳೆದು, ಗೌನು, ಟೋಪಿ, ಮಾಸ್ಕು ಹಾಕಿಕೊಂಡು ಇಲಿಮನೆಗೆ ಹೋಗಿ ಗೋಡೆಗೆ ಒರಗಿ ಕುಳಿತೆವು. ಆಹಾ! ಮೈಮೇಲಿನ ಬೆವರು ಆರುವ ಸುಖವೇ ನಮಗೆ ಮರೆತುಹೋಗಿತ್ತು. ತುಮಿನಾ ಗೊರಕೆಯನ್ನೂ ಹೊಡೆದಳು.

ರೆತ್ನೊ ಓಡಿ ಬಂದರು. "ಏನ್ರೀ ಇದು, ಬು ವಾರ್ಸಿನಿ? ಏಳಿ! ಇಷ್ಟು ಜನ ಕೂತ್ರೆ ಕೋಣೆ ಬಿಸಿಯಾಗುತ್ತೆ!"

"ನಮ್ಮ ಮೈ ಅಷ್ಟು ಕಾದಿದೆ ಅಂತ ನೀವಾದ್ರೂ ಒಪ್ಕೊಂಡ್ರಲ್ಲ, ಬು."

"ತಮಾಷೆ ಬೇಡ. ಇಲಿಗಳು ಬೆದರಿದ್ರೆ ನನ್ನ ಔಷಧಿ ಕೆಲ್ಸ ಮಾಡ್ತೋ ಇಲ್ವೋ ಗೊತ್ತಾಗಲ್ಲ."

ವಾರ್ಸಿನಿಯ ನಗು ನಿಂತಿತು. "ನಿಮ್ಮ ಔಷಧಿ ಗೆಲ್ಲಲಿ ಅಂತ ನಿಮಗಿಂತ ನಂಗೇ ಆಸೆ ಜಾಸ್ತಿ. ಆದ್ರೆ ಅದು ಬರೋವರೆಗೆ ನಾವು ಬದುಕಿರ್ಬೇಕಲ್ಲ?"

ಇಲಿಗಳ ಮುಖ ನೋಡಿ ನಾವೇ ಎದ್ದೆವು.

ಬಾಗಿಲಲ್ಲಿ ಗುನಾದಿ ನಿಂತಿದ್ದ. "ನಾಳೆಯಿಂದ ಬರಬೇಡಿ. ಗೇಟ್ ಹತ್ರ ಹೊಸಬರು ಕಾಯ್ತಾ ಇದಾರೆ."

"ಇವರನ್ನ ತೆಗೀಬೇಡಿ ಪಾಕ್," ಎಂದರು ರೆತ್ನೊ.

"ಇಲಿಗಳು ನಿಮ್ಮವು, ಬು. ಹೆಂಗಸ್ರು ನನ್ನ ಕಂಪನಿಯವ್ರು."

ಬರಬೇಡಿ ಎಂದರೂ ಮರುದಿನ ನಾವು ಬಂದೆವು. ತೊಳೆಯುವ ಕೋಣೆಯ ಎದುರು ವರಾಂಡದಲ್ಲಿ ಚಾಪೆ ಹಾಸಿ, ಅನ್ನ, ಸೋಯಾಕಾಳಿನ ಕರಿದ ಟೆಂಪೆ, ಸಂಬಲ್ ಎಂಬ ಮೆಣಸಿನಕಾಯಿ ಚಟ್ನಿ ಬಿಚ್ಚಿ ಕುಳಿತೆವು. ಮೂವರು ಹೊಸ ಹೆಂಗಸರು ತಲೆ ತಗ್ಗಿಸಿಕೊಂಡು ಒಳಗೆ ಹೋದರು. ಗುನಾದಿ ನಮ್ಮತ್ತ ನೋಡಿ ಕಿಸಕ್ಕನೆ ನಕ್ಕ.

"ಅವ್ರಿಗೆ ನಾಲ್ಕು ಬೈಯ್ಲಾ?" ಎಂದು ತುಮಿನಾ ಕೇಳಿದಳು.

"ಬಿಡೇ. ಹಬೆಯೇ ಬೈಯುತ್ತೆ," ಎಂದಳು ವಾರ್ಸಿನಿ.

ಹೊತ್ತು ನೆತ್ತಿಗೇರಿತು. ಗೂಡು ಬೇಕೆಂದು ಬಂದ ರೆತ್ನೊ ಬಾಗಿಲು ತಳ್ಳಿ ಒಳಗೆ ಹೋದವರು, ಕನ್ನಡಕವೆಲ್ಲ ಮಂಜಾಗಿ ತಡಕಾಡುತ್ತಾ ಹೊರಬಂದರು. ಇಷ್ಟು ವರ್ಷಗಳಲ್ಲಿ ಆ ಕೋಣೆಗೆ ಅವರು ಕಾಲಿಟ್ಟದ್ದು ಅದೇ ಮೊದಲು. ನೇರವಾಗಿ ಕೇಂದ್ರದ ನಿರ್ದೇಶಕರ ಕೋಣೆಯತ್ತ ದಾಪುಗಾಲು ಹಾಕಿದರು.

ಸ್ವಲ್ಪ ಹೊತ್ತಿಗೆ ಬಾಗಿಲು ಮತ್ತೆ ತೆರೆಯಿತು. ಹೊಸ ಹೆಂಗಸರು ಮೂವರೂ ಹೊರಗೆ ಬಂದರು. ಮುಖ ಬೆಂದ ಸಿಗಡಿಯ ಹಾಗೆ ಕೆಂಪಗಾಗಿತ್ತು.

"ಎಲ್ಲಿಗೆ?" ಎಂದು ಗುನಾದಿ ಕೂಗಿದ. "ಒಳಗೆ ನಡೀರಿ! ಗೇಟಲ್ಲಿ ಇನ್ನೂ ಜನ ಇದಾರೆ!"

ಅವರಲ್ಲಿ ದೊಡ್ಡವಳು ಒದ್ದೆ ಕೈಗವಸು ಕಳಚಿ ಅವನ ಕೈಗೇ ಕೊಟ್ಟಳು. "ಅವ್ರನ್ನೂ ಕರೀರಿ ಪಾಕ್. ಅವ್ರೂ ಇಲ್ಲೇ ಬಂದು ಕೂರ್ತಾರೆ."

ಆಮೇಲೆ ನಮ್ಮ ಚಾಪೆಯ ಹತ್ತಿರ ಬಂದು ನಿಂತಳು.

"ಸ್ವಲ್ಪ ಸರ್ಕೊಳ್ಳಿ, ಬು."

ನಾವು ಸರಿದು ಕುಳಿತೆವು.