ಪುಸ್ತಿಕೆಗೆ ಸೇರಿದ ಕೂಗು

ದ್ವೀಪಕ್ಕೆ ಸೊಸೆಯಾಗಿ ಬಂದ ಮೊದಲ ವಾರದಲ್ಲೇ ಅತ್ತೆ ಅವಳಿಗೆ ಬುಗುರಿ ಎಂದು ಹೆಸರಿಟ್ಟಿದ್ದರು. ಕೂತಲ್ಲಿ ಕೂರುವ, ನಿಂತಲ್ಲಿ ನಿಲ್ಲುವ ಹೆಂಗಸಲ್ಲ ಅವಳು. ಒಲೆಯ ಮೇಲೆ ಹಾಲಿಟ್ಟು ಬಟ್ಟೆ ಒಣಹಾಕಲು ಓಡುವಳು. ಬಟ್ಟೆ ಅರ್ಧಕ್ಕೇ ಬಿಟ್ಟು, ಈಗ ಬಂದ ದೋಣಿಯಲ್ಲಿ ಯಾರಿದ್ದಾರೆಂದು ನೋಡಲು ಧಕ್ಕೆಗೆ ಇಳಿಯುವಳು. ಅಷ್ಟರಲ್ಲಿ ಹಾಲು ಉಕ್ಕಿ ಒಲೆ ತೊಳೆದಿರುತ್ತಿತ್ತು. ಹದಿನಾಲ್ಕು ವರ್ಷವಾದರೂ ಬುಗುರಿಯ ಸುತ್ತು ನಿಂತಿರಲಿಲ್ಲ. ಊರಿಗೆಲ್ಲ ಅವಳು ಬುಗುರಿಯೇ. ಅವಳು ಕೆಲಸಕ್ಕಿದ್ದ ವಸತಿಗೃಹದ ಹಾಜರಿ ಪುಸ್ತಕದಲ್ಲಿ ಮಾತ್ರ ನಿಜವಾದ ಹೆಸರು ಉಳಿದಿತ್ತು.

ದ್ವೀಪದವರು ಆಡುವುದು ದೊಡ್ಡ ನೆಲದವರು ಆಡುವ ಭಾಷೆಯೇ. ಆದರೆ ನಡುನಡುವೆ ಅವರದೇ ಮಾತುಗಳು ಇಣುಕುತ್ತಿದ್ದವು. ಮದುವೆಯಾದ ಹೊಸದರಲ್ಲಿ ಅತ್ತೆ ಒಂದು ದಿನ "ಮರುನೀರಿಗೆ ಬಾ" ಎಂದಾಗ ಅವಳು ಕೊಡ ಹಿಡಿದುಕೊಂಡು ಹೋಗಿ ನಿಂತಿದ್ದಳು. ಇಳಿದ ನೀರು ಮತ್ತೆ ಏರಲು ತಿರುಗುವ ಹೊತ್ತಿಗೆ ಅಲ್ಲಿ ಮರುನೀರು ಎನ್ನುತ್ತಾರೆಂದು ಅವಳಿಗೇನು ಗೊತ್ತು? ಮನೆಯವರೆಲ್ಲ ಹೊಟ್ಟೆ ಹುಣ್ಣಾಗುವಂತೆ ನಕ್ಕಿದ್ದರು. ನಗದಿದ್ದವನು ಗಂಡನ ಅಣ್ಣ ಒಬ್ಬನೇ. ಏಡಿ ಹಿಡಿಯುವವನು, ಮಾತು ಕಡಿಮೆ. ಸದ್ದಿಲ್ಲದೆ ಅವಳ ಕೈಯಿಂದ ಕೊಡ ಇಸಿದುಕೊಂಡು ಒಳಗಿಟ್ಟಿದ್ದ.

ಆವತ್ತಿನಿಂದ ಅವಳು ಕಿವಿ ನಿಮಿರಿಸಿಕೊಂಡೇ ಓಡಾಡಿದಳು. ಕಟ್ಟಿಹಾಕಿದ ದೋಣಿಯಲ್ಲಿ ಮಧ್ಯಾಹ್ನ ತೂಗಾಡುತ್ತಾ ಮಾಡುವ ಜೊಂಪು ತೇಲ್ನಿದ್ದೆ. ದೋಣಿಯಿಂದ ಆಗತಾನೆ ಇಳಿದ ಹೊಸಬ ಉಪ್ಪುಮೊಗ. ಒಂದೊಂದು ಮಾತು ಸಿಕ್ಕಾಗಲೂ ಆ ಊರಿನಲ್ಲಿ ತನಗೊಂದು ಅಂಗುಲ ಜಾಗ ಸಿಕ್ಕಿತೆಂದು ಅವಳಿಗೆ ಅನ್ನಿಸುತ್ತಿತ್ತು.

ವಸತಿಗೃಹದಲ್ಲಿ ಹದಿನೆಂಟು ಕೋಣೆಗಳು. ಕೀಲಿ ಕೊಡುವುದು, ಹಾಸಿಗೆ ಬಟ್ಟೆ ಬದಲಿಸುವುದು, ದೋಣಿ ಸವಾರಿ ಗೊತ್ತುಮಾಡುವುದು, ಎಲ್ಲಕ್ಕೂ ಬುಗುರಿಯೇ. ಬಂದವರು ಎರಡು ಮರಗಳ ನಡುವೆ ಕಟ್ಟಿದ ಬಲೆತೊಟ್ಟಿಲಲ್ಲಿ ಮಲಗಿ, ಅಬ್ಬಾ ಎಷ್ಟು ನೆಮ್ಮದಿ, ಇಲ್ಲೇ ಇದ್ದುಬಿಡೋಣ ಅನ್ನಿಸುತ್ತದೆ ಎನ್ನುವರು. ಮೂರನೆಯ ದಿನ ವಾಪಸಿನ ದೋಣಿ ಎಷ್ಟು ಗಂಟೆಗೆಂದು ಕೇಳುವರು. ಮ್ಯಾನೇಜರಿಗೆ ಅದೇ ಚಿಂತೆ. ಬಂದವರು ಸಮುದ್ರ ನೋಡುತ್ತಾರೆ, ಮಲಗುತ್ತಾರೆ, ಹೋಗುತ್ತಾರೆ, ಬಾಯಲ್ಲಿ ಹೊತ್ತುಕೊಂಡು ಹೋಗುವಂಥದ್ದು ಏನಾದರೂ ಇರಬೇಕು ಎಂದ. ಪ್ರತಿ ಕೋಣೆಗೂ ಒಂದು ಪುಟ್ಟ ಪುಸ್ತಿಕೆ, ದ್ವೀಪದ ಮಾತು ಇಪ್ಪತ್ತೈದು. ಬರೆಯುವವಳು ಅವಳು.

ಅವಳ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಧಕ್ಕೆಯಲ್ಲಿ ಬಲೆ ಹೊಲಿಯುತ್ತಾ ಕೂರುವ ಅತ್ತೆಯ ಮುಂದೆ ಹೋಗಿ ಕುಕ್ಕರಿಸಿದಳು. ಅತ್ತೆ ಉದಾರವಾಗಿಯೇ ಕೊಟ್ಟರು. ಗಾಳಿಗೆ ನಾಲ್ಕು ಹೆಸರು, ಮೋಡಕ್ಕೆ ಮೂರು, ಸೋಮಾರಿಗೆ ಐದು. ಇಪ್ಪತ್ತನಾಲ್ಕಕ್ಕೆ ಬಂದು ನಿಂತಿತು. ಅಚ್ಚಿನ ಮನೆಗೆ ಕಾಗದ ಒಯ್ಯುವ ದೋಣಿ ಹೊರಡಲು ಅರ್ಧ ಗಂಟೆ. ದೋಣಿ ಗಂಡನದೇ. ಅವನು ಎರಡು ಸಲ ಹಾರ್ನ್ ಬಾರಿಸಿಯಾಗಿತ್ತು. ಆಗ ಅವಳಿಗೆ ನೆನಪಾದದ್ದು ಹುಯ್ಲಾ.

ಅದನ್ನು ಅವಳು ಹದಿನಾಲ್ಕು ವರ್ಷದಲ್ಲಿ ಕೇಳಿದ್ದು ಎರಡೇ ಸಲ. ನೀರಿನಲ್ಲಿ ಜೀವ ಸಿಕ್ಕಿಕೊಂಡರೆ ಮಾತ್ರ ಹಾಕುವ ಕೂಗು ಅದು. ಕೇಳಿದವನು ಬಾಯಿಗೆ ಇಟ್ಟ ತುತ್ತನ್ನೂ ಬಿಟ್ಟು ಏಳಬೇಕು. ಮುನಿಸಿಕೊಂಡ ಅಣ್ಣತಮ್ಮಂದಿರೂ ಒಂದೇ ದೋಣಿ ನೂಕಬೇಕು. ಅವಳಿಗೆ ಇದೆಲ್ಲ ಗೊತ್ತಿತ್ತು. ಗೊತ್ತಿದ್ದೂ, ರಜೆಗೆ ಬಂದವರ ಕೈಗೆ ಸಾವಿನ ಮಾತು ಯಾಕೆ ಎಂದು ಅರ್ಥವನ್ನು ಕೊಂಚ ತೆಳುಮಾಡಿ, 'ಊರವರನ್ನೆಲ್ಲ ದಡಕ್ಕೆ ಕರೆಯುವ ಕೂಗು. ಕೊನೆಯನ್ನು ಉದ್ದಕ್ಕೆ ಎಳೆಯಬೇಕು' ಎಂದು ಬರೆದು ದೋಣಿಗೆ ಓಡಿದಳು.

ಪುಸ್ತಿಕೆ ಬಂದ ನಾಲ್ಕನೆಯ ದಿನ, ಹಾಡಹಗಲಲ್ಲಿ, ಮರಳದಂಡೆಯಿಂದ ಹುಯ್ಲಾ ಎದ್ದಿತು. ಏಳು ದೋಣಿಗಳು ನೀರಿಗೆ ಬಿದ್ದವು. ಸ್ನಾನಕ್ಕಿಳಿದವನೊಬ್ಬ ಮೈಮೇಲಿನ ನೊರೆ ತೊಳೆಯದೆ ಓಡಿ ಬಂದಿದ್ದ. ಹೋಗಿ ನೋಡಿದರೆ ಹನ್ನೆರಡು ಜನ ಉಪ್ಪುಮೊಗಗಳು ಮರಳಿನ ಮೇಲೆ ನಿಂತು ಚಪ್ಪಾಳೆ ತಟ್ಟುತ್ತಿದ್ದರು. ಒಬ್ಬಾಕೆ ಫೋನಿನಲ್ಲಿ ಚಿತ್ರ ತೆಗೆಯುತ್ತಿದ್ದಳು. ನಿಜಕ್ಕೂ ಬರ್ತಾರೆ ನೋಡು ಎಂದು ಗಂಡನಿಗೆ ತೋರಿಸುತ್ತಿದ್ದಳು.

ಅತ್ತೆಗೆ ಓದಲು ಬಾರದು. ಆದರೆ ಆ ಸಂಜೆ ಪುಸ್ತಿಕೆಯನ್ನು ಯಾರಿಂದಲೋ ಓದಿಸಿಕೊಂಡು ಬಂದರು.

"ಇದನ್ನ ನಾನು ನಿಂಗೆ ಕೊಟ್ಟಿರ್ಲಿಲ್ಲ" ಎಂದರು.

"ಇಲ್ಲ ಅತ್ತೆ. ನಂಗೇ ಗೊತ್ತಿತ್ತು."

"ಗೊತ್ತಿರೋದೆಲ್ಲ ಹೇಳೋದಕ್ಕಲ್ಲ ಕಣೆ."

ಅಷ್ಟೇ. ಬೈದಿದ್ದರೆ ಅವಳಿಗೆ ಹಗುರಾಗುತ್ತಿತ್ತು. ಅತ್ತೆ ಬೈಯಲಿಲ್ಲ, ಬಲೆಯ ದಾರವನ್ನು ಹಲ್ಲಿನಿಂದ ಕಡಿದು ಒಳಗೆ ಹೋದರು.

ಮುಂದಿನ ವಾರ ಎರಡು ಸಲ, ಅದರ ಮುಂದಿನ ವಾರ ದಿನಕ್ಕೊಂದು ಸಲ. ಏಳು ದೋಣಿಗಳು ನಾಲ್ಕಾದವು, ನಾಲ್ಕು ಒಂದಾಯಿತು. ಬುಗುರಿ ಮುಳ್ಳಿನ ಮೇಲೆ ಕೂತವಳಂತಾದಳು. ಆ ಪುಟ ಕಿತ್ತುಹಾಕೋಣ ಎಂದು ಮ್ಯಾನೇಜರಿಗೆ ಹೇಳಿದಳು. ಎರಡು ಸಾವಿರ ಪ್ರತಿ ಅಚ್ಚಾಗಿದೆ, ಬಂದವರಿಗೆ ಎಲ್ಲಕ್ಕಿಂತ ಇಷ್ಟವಾಗಿರುವುದೇ ಅದು, ಮುಗಿದ ಮೇಲೆ ನೋಡೋಣ ಎಂದ. ಅವಳೇ ಕೋಣೆ ಕೋಣೆಗೆ ಹೋಗಿ ಕೈಮುಗಿದಳು: ಅದು ಆಟದ ಮಾತಲ್ಲ, ಯಾರೋ ಮುಳುಗುವಾಗ ಕೂಗೋದು. ಕೇಳಿದವರ ಕಣ್ಣು ಇನ್ನಷ್ಟು ಅರಳಿದವು. ಬೆಂಕಿ ಆರಿಸಲು ಹೋಗಿ ತುಪ್ಪ ಸುರಿದಂತಾಯಿತು. ಪಕ್ಕದ ಕೋಣೆಯವರಿಗೂ ಅವರೇ ಹೇಳಿಕೊಟ್ಟರು.

ರಾತ್ರಿ ಊಟಕ್ಕೆ ಕೂತವಳು ಎದ್ದು ಕಿಟಕಿಗೆ ಹೋಗುವಳು, ಬಂದು ಕೂರುವಳು, ಮತ್ತೆ ಏಳುವಳು. ಗಂಡ, ನೀನು ಹೀಗೆ ಸುತ್ತಿದರೆ ಮನೆಯೇ ತಿರುಗುತ್ತದೆ, ಸುಮ್ಮನೆ ಕೂತುಕೋ ಎಂದ. ಜನಕ್ಕೆ ಬೇಜಾರಾಗಿ ತಾವೇ ಬಿಡುತ್ತಾರೆ ಎಂದೂ ಸಮಾಧಾನ ಹೇಳಿದ. ಬೇಜಾರಾಗುವವರು ಮೂರನೆಯ ದಿನ ಹೋಗಿಬಿಡುತ್ತಾರೆ, ಬೇಜಾರಾಗದ ಹೊಸಬರು ಬರುತ್ತಲೇ ಇರುತ್ತಾರಲ್ಲ ಎಂಬ ಉತ್ತರ ಅವಳ ಬಾಯಿಗೆ ಬಂದಿತ್ತು. ತಟ್ಟೆ ಎತ್ತಿಕೊಂಡು ಒಳಗೆ ಹೋದಳು.

ಒಂದು ದಿನ ಅವಳು ವಸತಿಗೃಹದ ತಾರಸಿಯ ಮೇಲೆ ಹಾಸಿಗೆ ಬಟ್ಟೆ ಒಣಹಾಕುತ್ತಿದ್ದಳು. ಊಟದ ಹೊತ್ತು ಕಳೆದಿತ್ತು. ಬಿಸಿಲು ಕಣ್ಣಿಗೆ ಚುಚ್ಚುತ್ತಿತ್ತು. ಉತ್ತರದ ಬಂಡೆಗಳ ಕಡೆಯಿಂದ ಕೂಗು ಬಂತು. ಹುಯ್ಲಾ.

ಅವಳು ಕೈಯಲ್ಲಿ ಬಟ್ಟೆ ಹಿಡಿದೇ ನಿಂತಳು. ಪ್ರತಿಸಲವೂ ಕೂಗಿನ ಬೆನ್ನಿಗೆ ಒಂದು ನಗು ಬರುತ್ತಿತ್ತು. ನಾಲ್ಕೈದು ಜನ ಒಟ್ಟಿಗೆ ಗೊಳ್ಳೆನ್ನುವ ನಗು. ಅದಕ್ಕಾಗಿ ಕಾದಳು. ನಗು ಬರಲಿಲ್ಲ. ಸ್ವಲ್ಪ ಹೊತ್ತಿಗೆ ಮತ್ತೊಂದು ಕೂಗು ಬಂತು, ಮೊದಲಿನದಕ್ಕಿಂತ ಗಿಡ್ಡ, ಕೊನೆ ಎಳೆಯದ್ದು. ಅದರ ಹಿಂದೆಯೂ ನಗುವಿಲ್ಲ.

ಬಟ್ಟೆ ಅಲ್ಲೇ ಬಿತ್ತು. ಮೂರು ಮಹಡಿಯ ಮೆಟ್ಟಿಲು ಹೇಗಿಳಿದಳೋ, ಧಕ್ಕೆಗೆ ಬಂದಾಗ ಕಾಲಲ್ಲಿ ಒಂದೇ ಚಪ್ಪಲಿಯಿತ್ತು. ಗಂಡ ಮತ್ತು ನಾಲ್ಕೈದು ಮಂದಿ ನೆರಳಿನಲ್ಲಿ ಇಂಜಿನ್ ಬಿಚ್ಚಿ ಹರವಿಕೊಂಡು ಕೂತಿದ್ದರು. ಯಾರೂ ತಲೆ ಎತ್ತಿರಲಿಲ್ಲ.

"ಏನ್ರೀ, ಕೇಳಿಸ್ಲಿಲ್ವಾ? ಇದು ನಿಜವಾದ್ದು."

"ಉಪ್ಪುಮೊಗಗಳು ಕಣೆ" ಎಂದ ಗಂಡ. "ಬೆಳಗ್ಗೆಯಿಂದ ಇದು ಮೂರನೇ ಸಲ."

"ನಗಲಿಲ್ಲ ರೀ ಅವರು."

ಪಕ್ಕದಲ್ಲಿದ್ದವನು, ನಗದೆ ಕೂಗೋದನ್ನೂ ನೀನೇ ಕಲಿಸಿರ್ತೀಯ ಬಿಡು ಬುಗುರಿ ಎಂದ. ಅವನ ಮಾತಿಗೆ ಉತ್ತರಿಸುತ್ತಾ ನಿಲ್ಲಲು ಪುರಸೊತ್ತಿರಲಿಲ್ಲ. ಮಕ್ಕಳು ಆಡಲೆಂದು ವಸತಿಗೃಹದವರು ಇಟ್ಟಿದ್ದ ಹಳದಿ ಪ್ಲಾಸ್ಟಿಕ್ ದೋಣಿಯನ್ನು ಎಳೆದು ನೀರಿಗೆ ನೂಕಿ, ಹತ್ತಿ, ಹುಟ್ಟು ಹಾಕಿದಳು. ಅದು ನೆಟ್ಟಗೆ ಹೋಗುವ ದೋಣಿಯಲ್ಲ, ಎಡಕ್ಕೊಮ್ಮೆ ಬಲಕ್ಕೊಮ್ಮೆ ಮೂತಿ ತಿರುಗಿಸುತ್ತಿತ್ತು. ಬಂಡೆಗಳ ತಿರುವು ದಾಟುವಷ್ಟರಲ್ಲಿ ಅವಳ ಅಂಗೈಯ ಚರ್ಮ ಸುಲಿದಿತ್ತು.

ಸಿಕ್ಕಿಕೊಂಡಿದ್ದವನು ಭಾವ, ಗಂಡನ ಅಣ್ಣ. ಏಡಿಬುಟ್ಟಿ ಎತ್ತಲು ಬಂಡೆಯ ಸಂದಿಗೆ ಇಳಿದಿದ್ದ. ಕಲ್ಲು ಉರುಳಿ ಮೊಣಕಾಲಿನ ಕೆಳಗೆ ಕಚ್ಚಿಕೊಂಡಿತ್ತು. ಮರುನೀರು ಕಳೆದು ನೀರು ಏರುತ್ತಿತ್ತು, ಆಗಲೇ ಕೊರಳಿಗೆ ಬಂದಿತ್ತು. ಅವಳನ್ನು ಕಂಡು ಅವನು, "ನೀನೊಬ್ಳೇನಾ?" ಎಂದ.

ಅವಳು ನೀರಿಗೆ ಧುಮುಕಿ ಮುಳುಗಿ ಕಲ್ಲನ್ನು ತಳ್ಳಿದಳು. ಅದು ಮಿಸುಕಲಿಲ್ಲ. ಎರಡನೆಯ ಸಲ ಮುಳುಗಿದಳು, ಮೂರನೆಯ ಸಲವೂ. ಆಮೇಲೆ ಅವನ ಬೆನ್ನಿಗೆ ಭುಜಕೊಟ್ಟು, ಗದ್ದ ಮೇಲಿರುವಂತೆ ತಲೆಯನ್ನು ಎತ್ತಿಹಿಡಿದಳು. ಇನ್ನು ಮಾಡಲು ಉಳಿದದ್ದು ಒಂದೇ. ಆ ಕೂಗನ್ನು ಅವಳು ಬರೆದಿದ್ದಳೇ ಹೊರತು ಬಾಯಿಬಿಟ್ಟು ಕೂಗಿರಲಿಲ್ಲ. ಕೂಗಿದರೆ ಯಾರು ನಂಬುತ್ತಾರೆ? ಆದರೂ ಕೂಗಿದಳು. ಗಂಟಲು ಹರಿಯುವಂತೆ ಮತ್ತೆ ಮತ್ತೆ ಕೂಗಿದಳು. ಬಾಯಿಗೆ ಬಂದ ಉಪ್ಪುನೀರು ಉಗಿದು ಕೂಗಿದಳು.

ಧಕ್ಕೆಯಲ್ಲಿ ಆಗ ನಡೆದದ್ದನ್ನು ಅವಳು ಆಮೇಲೆ ಕೇಳಿ ತಿಳಿದಳು. ಬಲೆ ಹೊಲಿಯುತ್ತಿದ್ದ ಅತ್ತೆ ಸೂಜಿ ಕೆಳಗಿಟ್ಟು ಎದ್ದು ನಿಂತರಂತೆ. ಅದು ನನ್ನ ಸೊಸೆಯ ಗಂಟಲು, ಏಳ್ರೋ ಎಂದರಂತೆ. ಯಾರೋ ಹಿಂದುಮುಂದು ನೋಡಿದಾಗ, ಅರವತ್ತೆಂಟು ವರ್ಷದ ಆ ಹೆಂಗಸು ತಾನೇ ದೋಣಿಯ ಹಗ್ಗ ಬಿಚ್ಚತೊಡಗಿದರಂತೆ. ಆಮೇಲೆ ಯಾರೂ ಕೂತಿರಲಿಲ್ಲ.

ಅವರು ಬರುವಷ್ಟರಲ್ಲಿ ಭಾವನ ತುಟಿಯವರೆಗೆ ನೀರು ಬಂದಿತ್ತು. ನಾಲ್ಕು ಜನ ಸೇರಿ ಹಾರೆ ಕೊಟ್ಟು ಕಲ್ಲೆತ್ತಿದರು. ಜೀವ ಉಳಿಯಿತು. ಕಾಲು ಎರಡು ಕಡೆ ಮುರಿದಿತ್ತು. ಮೂರು ತಿಂಗಳ ನಂತರ ಕೋಲೂರಿ ನಡೆದ, ಬಂಡೆಗೆ ಇಳಿಯುವುದು ಮಾತ್ರ ಮತ್ತೆ ಆಗಲಿಲ್ಲ.

ಕಲ್ಲೆತ್ತಿದ ಮರುದಿನವೇ ಅವಳು ಯಾರನ್ನೂ ಕೇಳದೆ ಹದಿನೆಂಟು ಕೋಣೆಗಳ ಪುಸ್ತಿಕೆಗಳನ್ನೂ ಉಗ್ರಾಣದ ಕಟ್ಟುಗಳನ್ನೂ ತೆಗೆದುಕೊಂಡು ಹೋಗಿ ಬಾಯ್ಲರಿಗೆ ಹಾಕಿದಳು. ಮ್ಯಾನೇಜರ್ ಏನೋ ಹೇಳಲು ಬಂದು ಅವಳ ಮುಖ ನೋಡಿ ಹಿಂದಿರುಗಿದ. ಆದರೆ ಬಂದುಹೋದವರ ಚೀಲಗಳಲ್ಲಿ, ಫೋನುಗಳಲ್ಲಿ ಹೋದದ್ದನ್ನು ಬಾಯ್ಲರಿಗೆ ಹಾಕುವುದು ಹೇಗೆ? ವಾರ ಕಳೆಯುವಷ್ಟರಲ್ಲಿ ಮರಳದಂಡೆಯಿಂದ ಮತ್ತೆ ಹುಯ್ಲಾ ಬಂತು, ಬೆನ್ನಿಗೇ ನಗು. ಊರಿನ ಒಬ್ಬರೂ ತಿರುಗಿ ನೋಡಲಿಲ್ಲ.

ಊರವರು ಬಲೆಮನೆಯಲ್ಲಿ ಸೇರಿ ಹೊಸ ಕೂಗೊಂದನ್ನು ಗೊತ್ತುಮಾಡಿಕೊಂಡರೆಂದು ಅವಳಿಗೆ ಗೊತ್ತಾದದ್ದು ಹೀಗೆಯೇ, ಅಲ್ಲೊಂದು ಇಲ್ಲೊಂದು ಮಾತಿನಿಂದ. ಅವಳನ್ನು ಕರೆದಿರಲಿಲ್ಲ. ಗಂಡ ಹೋಗಿ ಬಂದಿದ್ದ. ಅವನು ಹೇಳಲಿಲ್ಲ, ಅವಳು ಕೇಳಲಿಲ್ಲ. ಅತ್ತೆ ಮುಂಚಿನಂತೆಯೇ ಮಾತಾಡುತ್ತಿದ್ದರು, ಅವಳ ಅಂಗೈಗೆ ದಿನಾ ಎಣ್ಣೆ ಹಚ್ಚಿದ್ದರು. ಆದರೂ ಅವಳು ಹೋದಾಗ ಧಕ್ಕೆಯ ಹೆಂಗಸರ ಮಾತು ಒಂದು ಗಳಿಗೆ ನಿಂತು ಮತ್ತೆ ಶುರುವಾಗುತ್ತಿತ್ತು. ತಪ್ಪು ತನ್ನದೇ, ಯಾರನ್ನು ದೂರುವುದು? ಅವಳ ಓಡಾಟ ಹೆಚ್ಚಾಯಿತು. ಒರೆಸಿದ ಮೇಜನ್ನೇ ಒರೆಸುವಳು, ಮಡಿಸಿದ ಬಟ್ಟೆ ಬಿಚ್ಚಿ ಮತ್ತೆ ಮಡಿಸುವಳು.

ಒಂದು ಬೆಳಗ್ಗೆ ಭಾವ ಕೋಲೂರಿಕೊಂಡು ವಸತಿಗೃಹದ ಹಿಂಬಾಗಿಲಿಗೆ ಬಂದ. ಅಷ್ಟು ಏರು ಹತ್ತಿ ಬಂದದ್ದಕ್ಕೆ ಏದುಸಿರು ಬಿಡುತ್ತಿದ್ದ. ಅವಳು ಒಗೆಯುವ ಬಟ್ಟೆಯ ಬುಟ್ಟಿ ಇಳಿಸಿ ಕುರ್ಚಿ ತಂದಳು. ಅವನು ಕೂರಲಿಲ್ಲ.

"ಹೊಸದು ನಿಂಗೆ ಗೊತ್ತಿಲ್ವಂತೆ" ಎಂದ.

"ಬೇಡ ಭಾವ. ನಂಗೆ ಹೇಳೋದು ಬೇಡ ಅಂತ ಎಲ್ರೂ ಸೇರಿ ತೀರ್ಮಾನ ಮಾಡಿದಾರೆ. ಸರಿಯಾಗೇ ಇದೆ."

"ನಾನು ಆ ದಿನ ಹಾಸಿಗೇಲಿದ್ದೆ. ನನ್ನ ಯಾರೂ ಕೇಳ್ಲಿಲ್ಲ" ಎಂದ ಭಾವ. ಸ್ವಲ್ಪ ಉಸಿರು ತೆಗೆದುಕೊಂಡು, "ನನ್ನ ಕೂಗು ಎಲ್ರಿಗೂ ಕೇಳಿಸಿತ್ತು ಆವತ್ತು. ಬಂದವಳು ನೀನು. ನಿಂಗೇ ಗೊತ್ತಿಲ್ಲ ಅಂದ್ರೆ ಹೇಗೆ?"

ಬಾಗಿ, ಅವಳ ಕಿವಿಯ ಹತ್ತಿರ, ಹೊಸ ಮಾತನ್ನು ಒಂದೇ ಸಲ ಹೇಳಿದ. ಚಿಕ್ಕ ಮಾತು. ಕೊನೆ ಎಳೆಯುವಂತಿರಲಿಲ್ಲ.

ಅವಳು ತಲೆಯಾಡಿಸಿದಳು. ಅವನು ಕೋಲು ಸರಿಮಾಡಿಕೊಂಡು ಇಳಿಜಾರಿನಲ್ಲಿ ಒಂದೊಂದೇ ಹೆಜ್ಜೆ ಇಡುತ್ತಾ ಹೋದ. ಅವನು ಕೆಳಗಿನ ಗೇಟು ದಾಟುವವರೆಗೆ ಅವಳು ಬಾಗಿಲಲ್ಲೇ ಇದ್ದಳು. ಒಳಗೆ ಕರೆಗಂಟೆ ಸದ್ದಾಯಿತು. ಹನ್ನೆರಡನೆಯ ಕೋಣೆಯವರಿಗೆ ಟವೆಲ್ ಬೇಕಿತ್ತು.