ಸ್ವಿಚ್ಚಿನ ಹತ್ತಿರ ಒಬ್ಬರು

ಗಂಡ ಓಬುಲೇಶ್ ಟೈಲ್ಸ್ ಕೆಲಸಕ್ಕೆಂದು ಬೆಂಗಳೂರಿಗೆ ಹೋಗಿ ಐದು ತಿಂಗಳಾಗಿತ್ತು. ಅವನು ಅರ್ಧಕ್ಕೆ ಬಿಟ್ಟಿದ್ದ ಅಡುಗೆಮನೆಯ ನೆಲವನ್ನು ತಾನೇ ಮುಗಿಸುತ್ತೇನೆಂದು ಮಂಜುಳ ಹಿತ್ತಲ ಶೆಡ್ಡಿನಲ್ಲಿದ್ದ ಟೈಲ್ಸ್ ಕೊಯ್ಯುವ ಮಷಿನ್ನಿನ ತೊಟ್ಟಿಗೆ ನೀರು ತುಂಬಿದಳು. ಅವನು ಮಾಡುತ್ತಿದ್ದುದನ್ನು ನೆನೆಸಿಕೊಂಡು ಕನ್ನಡಕ ಹಾಕಿದಳು. ಸೆರಗು ಬಿಗಿದು ಬಳೆ ತೆಗೆದಿಟ್ಟಳು.

ಬ್ಲೇಡು ನೀರು ಚಿಮ್ಮಿಸುತ್ತ ಅರ್ಧ ಟೈಲ್ ಸೀಳಿತ್ತು. ಆಗ ಅವಳ ಎಡಗೈ ತಾನಾಗಿಯೇ ಬ್ಲೇಡಿನ ಆಚೆಗೆ ಹೊರಟಿತು. ರಾಯದುರ್ಗದಲ್ಲಿ ಹತ್ತು ವರ್ಷ ಜೀನ್ಸ್ ಹೊಲಿದ ಕೈ ಅದು; ಸೂಜಿಯ ಹಿಂದಿನಿಂದ ಬಟ್ಟೆ ಎಳೆದುಕೊಂಡೇ ಅಭ್ಯಾಸ. ಬ್ಲೇಡಿಗೆ ಇನ್ನೆರಡು ಬೆರಳಿನಷ್ಟು ಜಾಗವಿರುವಾಗ ಬೆಚ್ಚಿ ಸ್ವಿಚ್ ಆರಿಸಿದಳು. ಬೆರಳು ಹೋದರೆ ಹೊಲಿಗೆಯೂ ಹೋದಂತೆ. ಕೂಗಿದರೆ ಓಡಿಬರಲು ಮನೆಯಲ್ಲಿ ಯಾರಿದ್ದಾರೆ?

ಪಾತ್ರೆ ತೊಳೆಯುತ್ತಿದ್ದ ಪಕ್ಕದ ಮನೆಯ ಮುದುಕಿ ಉಚ್ಚಂಗಮ್ಮನನ್ನು ಕರೆತಂದಳು.

"ಅತ್ತಿ, ಇಲ್ಲಿ ಸ್ವಿಚ್ ಹತ್ರ ಕೂತ್ಕೊಳ್ರಿ. ನನ್ನ ಎಡಗೈ ಆ ಕಡಿ ಹೋದ್ರ ಆರಿಸಿಬಿಡ್ರಿ."

"ಅಷ್ಟಕ್ಕ ನಾ ಯಾಕ ಬೇಕವ್ವ? ನಿನ್ನ ಗಂಡ ಒಂದಿನಾನೂ ನನ್ನ ಕರೀಲಿಲ್ಲ."

"ಆಗ ಅಲ್ಲಿ ನಾ ಕೂತಿರ್ತಿದ್ದೆ ಅತ್ತಿ."

ಮುದುಕಿ ಒದ್ದೆ ಕೈಯನ್ನು ಸೆರಗಿಗೆ ಚೆನ್ನಾಗಿ ಒರೆಸಿಕೊಂಡು, ಸ್ಟೂಲ್ ಎಳೆದು ಕುಳಿತಳು.