ಗುರುವಾರದ ಅಮ್ಮ

ನನ್ನ ಅಮ್ಮ ವಾರಕ್ಕೊಂದು ಸಲ ಅಳುತ್ತಿದ್ದಳು. ಗುರುವಾರ ಮಧ್ಯಾಹ್ನ ಎರಡು ಗಂಟೆಗೆ, ನಲವತ್ತು ಹೆಂಗಸರ ನಡುವೆ. ಮನೆಯಲ್ಲಿ ಅವಳು ಅತ್ತದ್ದನ್ನು ನಾನು ಕಂಡಿಲ್ಲ.

ಅಪ್ಪ ಬೆಟ್ಟದ ಮಿಷನ್ನಿನ ಮೊರುತಿ, ಅಂದರೆ ಪಾದ್ರಿ. ನನಗೆ ನಾಲ್ಕು ವರ್ಷವಾಗಿದ್ದಾಗ ಸಭೆಯವರು ಅವರನ್ನು ತಗ್ಗಿನ ಊರಿನಿಂದ ಸೆಂಖು ನದಿಯ ಮೇಲಿನ ಈ ಬೆಟ್ಟಕ್ಕೆ ಕಳಿಸಿದರು. ಕಂಬಳಿ ಹೊದ್ದು ಕುದುರೆ ಹತ್ತಿ ಹಳ್ಳಿಗಳ ಕಡೆ ಹೊರಟರೆ ನಾಲ್ಕು ದಿನ ಅಪ್ಪನ ಸುಳಿವಿರುತ್ತಿರಲಿಲ್ಲ. ಮೊರುತಿಯ ಹೆಂಡತಿ ಯಾರೇ ಆಗಿರಲಿ, ಪ್ರಾರ್ಥನೆಯ ತಾಯಂದಿರ ಸಂಘಕ್ಕೆ ಅವಳೇ ಯಜಮಾನಿ. ಸಂಘದವರ ಉಡುಪು ಕಪ್ಪು ಲಂಗ, ಕಪ್ಪು ರವಿಕೆ, ಬಿಳಿ ಕೊರಳಪಟ್ಟಿ. ಆರು ತಿಂಗಳು ಪಟ್ಟಿಯಿಲ್ಲದೆ ಹಿಂದಿನ ಬೆಂಚಿನಲ್ಲಿ ಕೂತವಳಿಗೆ ಯಜಮಾನಿಯೇ ತನ್ನ ಕೈಯಾರೆ ಪಟ್ಟಿ ತೊಡಿಸಬೇಕು. ಗುರುವಾರದ ಪ್ರಾರ್ಥನೆ ನಡೆಯುವ ಕೋಣೆಯೊಳಗೆ ಮಕ್ಕಳಿಗೆ ಜಾಗವಿಲ್ಲ. ಅಲ್ಲಿ ಆಡಿದ ಮಾತು ಹೊಸ್ತಿಲು ದಾಟುವಂತಿಲ್ಲ.

ನಾನು ಕಿಟಕಿಯ ಕೆಳಗಿನ ಕಲ್ಲಿನ ಮೇಲೆ ಕೂರುತ್ತಿದ್ದೆ. ಗೋಡೆ ದಪ್ಪ. ಅಮ್ಮನ ದನಿ ಏರುವುದು, ನಡುಗುವುದು, ಮುರಿಯುವುದು ಕೇಳುತ್ತಿತ್ತು. ಮಾತು ಕೇಳುತ್ತಿರಲಿಲ್ಲ. ಒಮ್ಮೆ ಅಮ್ಮನ ಗೆಳತಿ ಮಾ-ರೆಫಿಲ್ವೆ ಹೊರಗೆ ಬಂದು ನನ್ನನ್ನು ಹಿಡಿದಳು.

"ಏನೇ, ಕಲ್ಲಿಗೆ ಬೇರು ಬಿಟ್ಟಿದೀಯಾ? ಹೋಗು, ಕೋಳಿ ಅಟ್ಟು ಹೋಗು."

"ಮ್ಮೆ ಯಾಕಳ್ತಿದಾರೆ?" ಅಮ್ಮನನ್ನು ನಾನು ಕರೆಯುತ್ತಿದ್ದದ್ದು ಹಾಗೆ.

"ಅದೆಲ್ಲಾ ನಿನಗ್ಯಾಕೆ? ಅದು ನಮ್ಮದು."

ನಮ್ಮದು. ಆಗ ನನಗೆ ಒಂಬತ್ತು ವರ್ಷ.

ಪ್ರಾರ್ಥನೆ ಮುಗಿಸಿ ಅಮ್ಮ ಮುಖ ತೊಳೆದುಕೊಂಡು ಮನೆಗೆ ಬರುತ್ತಿದ್ದಳು. ಮೆಕ್ಕೆಜೋಳದ ಮುದ್ದೆಗೆ ಎಸರಿಡುತ್ತಿದ್ದಳು. "ಕೆಟಲ್ ಇಡು" ಅನ್ನುತ್ತಿದ್ದಳು. ನನ್ನ ಪಾಲಿಗೆ ಬರುತ್ತಿದ್ದದ್ದು ಅಷ್ಟು. ಆ ಹೆಂಗಸರು ಅವಳನ್ನು ಮಾ-ಪುಲೆಂಗ್, ಅಂದರೆ ಪುಲೆಂಗಳ ತಾಯಿ, ಎಂದು ಕರೆಯುತ್ತಿದ್ದರು. ಪುಲೆಂಗ್ ನಾನು. ನನ್ನ ಹೆಸರನ್ನೇ ಬಾಯಲ್ಲಿಟ್ಟುಕೊಂಡು ಅವಳನ್ನು ನನ್ನಿಂದ ಕರೆದೊಯ್ಯುತ್ತಿದ್ದರು.

ರಾಜಧಾನಿ ಮಸೇರುವಿನಲ್ಲಿ ಪದವಿ ಮುಗಿಸಿ ಅಲ್ಲಿಯೇ ಶಾಲೆಯೊಂದರಲ್ಲಿ ಪಾಠ ಹೇಳುತ್ತಿದ್ದಾಗ ಅಪ್ಪನ ಕಾಗದ ಬಂತು. ಈಸ್ಟರ್ ಮುಗಿಯುತ್ತಲೇ ನಿವೃತ್ತಿ. ಹೊಸ ಮೊರುತಿ ಬಂದರೆ ಅವರ ಹೆಂಡತಿಯೇ ಯಜಮಾನಿ. ಅಮ್ಮನ ಗುರುವಾರಗಳು ಮುಗಿದಂತೆ. ಈಸ್ಟರ್‌ಗೆ ಏಳು ತಿಂಗಳಿತ್ತು. ಆ ವಾರವೇ ನಗರದ ಸಂಘಕ್ಕೆ ಸೇರಿದೆ. ಆರು ತಿಂಗಳು ಹಿಂದಿನ ಬೆಂಚಿನಲ್ಲಿ ಕೂತೆ. ಪಟ್ಟಿಯನ್ನು ನನ್ನ ಅಮ್ಮನೇ ತೊಡಿಸಲಿ ಎಂದು ಕೇಳಿಕೊಂಡಾಗ, ಎಂಥ ಮಗಳು ಎಂದು ಅಲ್ಲಿಯವರು ಹೊಗಳಿದರು. ನಾನು ಹೊರಟದ್ದು ದೇವರಿಗಾಗಿ ಅಲ್ಲ. ಒಂದು ಸಲ, ಕೊನೆಯ ಸಲವಾದರೂ, ಅಮ್ಮ ಅಲ್ಲಿ ಏನು ಹೇಳುತ್ತಾಳೆಂದು ನನಗೆ ಕೇಳಬೇಕಿತ್ತು.

ಅಮ್ಮನ ಕೊನೆಯ ಗುರುವಾರಕ್ಕೆ ಒಂದು ದಿನ ಮುಂಚೆ ಬಸ್ಸಿಳಿದೆ. ಅಮ್ಮ ಬಾಗಿಲಲ್ಲಿ ನಿಂತು ನನ್ನ ಚೀಲ ನೋಡಿದಳು.

"ಪಟ್ಟಿಗೆ ಇಸ್ತ್ರಿ ಮಾಡಿದೀಯಾ?"

"ಮಾಡಿದೀನಿ, ಮ್ಮೆ."

ಚೀಲ ತೆಗೆದುಕೊಂಡು ಒಳಗೆ ಹೋದಳು.

ಮರುದಿನ ಕೋಣೆಗೆ ಕಾಲಿಟ್ಟದ್ದೇ ತಡ, ಮಾ-ರೆಫಿಲ್ವೆ ಚಪ್ಪಾಳೆ ತಟ್ಟಿದಳು.

"ಬಂದ್ಲು ನೋಡ್ರಮ್ಮ, ಕಿಟಕಿ ಹುಡುಗಿ! ಕಲ್ಲು ಸವೆದು ಹೋಯ್ತೇನೋ, ಒಳಗೇ ಬಂದ್ಬಿಟ್ಟಿದಾಳೆ."

ಎಲ್ಲರೂ ನಕ್ಕರು. ಅಮ್ಮ ನನ್ನ ಬೆನ್ನ ಹಿಂದೆ ನಿಂತಳು. "ತಲೆ ಬಗ್ಗಿಸು" ಎಂದಳು. ಕತ್ತಿನ ಮೇಲೆ ಅವಳ ಬೆರಳು ತಣ್ಣಗಿತ್ತು. ಗುಂಡಿ ಸಿಗಲಿಲ್ಲವೋ, ಸಿಕ್ಕಿದ ಮೇಲೂ ನಿಂತಳೋ ತಿಳಿಯದು. ಬೆರಳು ಸ್ವಲ್ಪ ಹೊತ್ತು ಅಲ್ಲೇ ಇತ್ತು.

ಬೆಂಚಿನಲ್ಲಿ ಕೂತಾಗ ಪಕ್ಕದ ಮುದುಕಿ ನನ್ನ ಮೊಣಕೈ ಸವರಿದಳು. "ಏಳು ವರ್ಷದವಳಿದ್ದಾಗ ಹೊಳೆಗೆ ಬಿದ್ದೋಳು ಇವಳೇ ತಾನೆ? ಎಂಟು ದಿನ ಜ್ವರ."

"ಹೂಂ, ಕಾಲೇಜಿಗೆ ಹೋಗಿ ಎರಡು ವರ್ಷ ಕಾಗದಾನೇ ಬರೀಲಿಲ್ವಲ್ಲ, ಆ ಮಗಳು," ಎಂದಳು ಇನ್ನೊಬ್ಬಳು. "ಎಷ್ಟು ಮೊಣಕಾಲೂರಿದೀವಿ ಇವಳಿಗೋಸ್ಕರ!"

"ಶ್! ಬಾಯ್ಮುಚ್ರೇ," ಎಂದಳು ಮಾ-ರೆಫಿಲ್ವೆ.

ನನ್ನ ಕಿವಿ ಬಿಸಿಯಾಯಿತು. ಅಮ್ಮ ಇಲ್ಲಿಗೆ ತರುತ್ತಿದ್ದದ್ದು ನನ್ನನ್ನೇ. ನನ್ನ ಜ್ವರ, ನನ್ನ ಮೌನ, ನಾನು ಬರೆಯದ ಕಾಗದ. ಟೀ ಜೊತೆಗಿನ ಬ್ರೆಡ್ಡಿನಂತೆ ಇವರು ನನ್ನನ್ನು ಹಂಚಿಕೊಂಡಿದ್ದರು. ಸಮಾಧಾನ ಆಗಬೇಕಿತ್ತು. ಆಗಲಿಲ್ಲ. ನನ್ನ ಬಗ್ಗೆ ಅಷ್ಟು ಮಾತು ಅವಳಲ್ಲಿತ್ತು, ಒಂದನ್ನೂ ನನಗೆ ಕೊಡಲಿಲ್ಲ.

ಅಮ್ಮನ ಸರದಿ ಬಂತು. ಎದ್ದು ನಿಂತು ಮುಂದಿನ ಬೆಂಚು ಹಿಡಿದಳು.

"ಕರ್ತನೇ," ಎಂದಳು. ಕಣ್ಣು ನನ್ನ ಮೇಲೆ ಬಿತ್ತು. ನಿಲ್ಲಿಸಿದಳು. "ಕರ್ತನೇ" ಎಂದು ಇನ್ನೊಮ್ಮೆ ಶುರು ಮಾಡಿದಳು. ಮುಂದಕ್ಕೆ ಹೋಗಲಿಲ್ಲ.

ಯಾರೋ ಕೆಮ್ಮಿದರು. ಮಾ-ರೆಫಿಲ್ವೆ ನನ್ನ ಕಡೆ ಬಾಗಿದಳು.

"ಇಪ್ಪತ್ತೆರಡು ವರ್ಷದಲ್ಲಿ ಒಂದ್ಸಲಾನೂ ಹೀಗಾಗಿಲ್ಲ, ಮಗಾ. ನೀನಿದೀಯಲ್ಲ, ಅದಕ್ಕೇ."

ದನಿಯಲ್ಲಿ ಕೊಂಕಿರಲಿಲ್ಲ. ನಾನು ಅಲುಗಾಡಲಿಲ್ಲ. ಹೀಗೇ ಕೂತರೆ ಸಾಕು, ನನಗೆ ಸಿಗದ ಅಮ್ಮ ಇವರಿಗೂ ಸಿಗುವುದಿಲ್ಲ. ಅವಳ ಕೊನೆಯ ಗುರುವಾರ ಯಾರದ್ದೂ ಆಗುವುದಿಲ್ಲ. ಸುಳ್ಳು ಹೇಳುವುದಿಲ್ಲ, ನನಗೆ ಖುಷಿಯಾಯಿತು. ಆ ಖುಷಿಯಲ್ಲಿ ತುಸು ಹೊತ್ತು ಕೂತೇ ಇದ್ದೆ.

ಅಮ್ಮನ ಕೈ ಕೊರಳಪಟ್ಟಿಯ ಹತ್ತಿರ ಹೋಯಿತು. ಉಸಿರು ಕಟ್ಟಿದವಳ ಹಾಗೆ ಅದನ್ನು ಎಳೆಯತೊಡಗಿದಳು.

ನಾನು ಎದ್ದೆ.

"ಟೀಗೆ ನೀರಿಡ್ತೀನಿ, ಮ್ಮೆ."

ಅವಳು ನನ್ನನ್ನು ನೋಡಿದಳು. ಇಷ್ಟು ನೇರವಾಗಿ ಎಂದೂ ನೋಡಿರಲಿಲ್ಲ.

"ಹೂಂ," ಎಂದಳು. "ಕೆಟಲ್ ಇಡು."

ಬಾಗಿಲು ಎಳೆದುಕೊಂಡೆ. ಹೊರಗಿನ ಒಲೆಯ ಮೇಲೆ ಕೆಟಲ್ ಇಟ್ಟು, ಹೊಸ ಪಟ್ಟಿ ಕತ್ತಿಗೆ ಒತ್ತುತ್ತಿರುವಂತೆಯೇ ಕಲ್ಲಿನ ಮೇಲೆ ಕೂತೆ. ಬಹಳ ಹೊತ್ತು ಏನೂ ಕೇಳಲಿಲ್ಲ. ಆಮೇಲೆ ಗೋಡೆಯ ಆಚೆ ಅಮ್ಮನ ದನಿ ಎದ್ದಿತು, ನಡುಗಿತು, ಮುರಿಯಿತು. ಮಾತು ತಿಳಿಯಲಿಲ್ಲ. ಯಾರ ಬಗ್ಗೆ ಎಂಬುದಷ್ಟೇ ಈಗ ಗೊತ್ತಿತ್ತು.

ಹೊಟ್ಟೆಕಿಚ್ಚು ಆರಿತೆಂದು ಹೇಳಲಾರೆ. ಒಳಗೆ ನಲವತ್ತು ಜನ ಅದನ್ನು ಕೇಳುತ್ತಿದ್ದರು. ನೀರು ಕುದಿದು ಕೆಟಲಿನ ಮುಚ್ಚಳ ಕುಣಿಯತೊಡಗಿತು. ದನಿ ನಿಲ್ಲುವವರೆಗೆ ನಾನು ಏಳಲಿಲ್ಲ.